ಶಿಂಚೂ ಸೂಶೀ ಹೋಟ್ಲು: ಮೂರು ವರ್ಷ ತಿಂದ ಮೇಲೆ ಬರೀತಿರೋದು

ತೈವಾನಿಗೆ ಓದೋಕೋ ಕೆಲ್ಸಕ್ಕೋ ಹೊಸದಾಗಿ ಬರೋ ನಮ್ಮ ಕಡೆಯವ್ರು ಮೊದ್ಲು ಕೇಳೋದೇ ಅಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗತ್ತಾ ಅಂತ. ಸಿಗತ್ತೆ, ತುಂಬ ಚೆನ್ನಾಗೇ ಸಿಗತ್ತೆ. ಆದ್ರೆ ಮೊಟ್ಟೆ ವಿಷ್ಯದಲ್ಲಿ ಒಂದು ಮಾತಿದೆ, ಅದನ್ನ ಹೇಳ್ಬೇಕು ಅಂತಾನೇ ಇಷ್ಟುದ್ದ ಟೈಪ್ ಮಾಡ್ತಿದೀನಿ.

ನಾನು ದಿನಾ ತಿನ್ನೋ ಹೋಟ್ಲು ತೈವಾನಿನ ಶಿಂಚೂ ಊರಲ್ಲಿ, ಗ್ವಾಂಗ್‌ಫು ರಸ್ತೆಯಿಂದ ಒಳಗೆ ಒಂದು ಗಲ್ಲೀಲಿದೆ, ಚಿಂಗ್‌ಹುವಾ ಯೂನಿವರ್ಸಿಟಿ ಗೇಟಿಂದ ನಡ್ಕೊಂಡೇ ಹೋಗ್ಬೋದು. ಹೆಸ್ರು ಹಾಕಲ್ಲ. ಬೋರ್ಡ್ ಮೇಲೆ ಸ್ವಸ್ತಿಕ ಇದೆ, ನಮ್ಮದಕ್ಕಿಂತ ಉಲ್ಟಾ ತಿರುಗಿರೋದು. ಆ ಗುರುತು ಕಂಡ್ರೆ ಇಲ್ಲಿ ಸೂಶೀ, ಅಂದ್ರೆ ಸಸ್ಯಾಹಾರ, ಅಂತ ಅರ್ಥ, ಜಪಾನಿನ ಮೀನಿನ ಸುಶಿ ಅಲ್ಲ. ಬೌದ್ಧರು ನಡ್ಸೋ ಇಂಥ ಹೋಟ್ಲು ತೈವಾನಿನ ಯಾವ ಊರಿಗೆ ಹೋದ್ರೂ ಒಂದಾದ್ರೂ ಇರತ್ತೆ.

ಒಳಗೆ ಹೋದ ತಕ್ಷಣ ತಟ್ಟೆ, ಇಕ್ಕಳ ತಗೊಂಡು ಮೂವತ್ತು ಚಿಲ್ರೆ ಟ್ರೇ ಮುಂದೆ ನಡೀತಾ ಬೇಕಾದ್ದು ಹಾಕ್ಕೊಳೋದು, ಕೊನೇಲಿ ತಕ್ಕಡಿ ಮೇಲಿಡೋದು, ತೂಕಕ್ಕೆ ದುಡ್ಡು. ಅನ್ನಕ್ಕೆ ಬೇರೆ, ಸೂಪು ಫ್ರೀ. ನಾನು ಬಂದಾಗ ನನ್ನ ತಟ್ಟೆ 80 ತೈವಾನ್ ಡಾಲರ್ ಒಳಗೆ ಮುಗೀತಿತ್ತು, ಈಗ ಅದೇ ತಟ್ಟೆ 100 ದಾಟತ್ತೆ, ನಮ್ಮ ದುಡ್ಡಲ್ಲಿ 300 ರೂಪಾಯಿ ಹತ್ರ ಹತ್ರ. ಸ್ಟೈಪೆಂಡಲ್ಲಿ ಬದುಕೋನಿಗೆ ದಿನಕ್ಕೆ ಎರಡು ಹೊತ್ತು ಅಂದ್ರೆ ಲೆಕ್ಕ ಇಡ್ಲೇಬೇಕು. ತೂಕದ್ದು ಒಂದು ಅಂದಾಜು ಬರ್ಬೇಕು ನೋಡಿ, ತೋಫು, ಸಿಹಿಗುಂಬಳ, ಆಲೂಗಡ್ಡೆ ಒಂದೊಂದು ಸೌಟು ಹಾಕ್ಕೊಂಡ್ರೆ ಸಾಕು ಬಿಲ್ ಏರ್ಬಿಡತ್ತೆ, ಸೊಪ್ಪು ಮಾತ್ರ ಗುಡ್ಡೆ ಹಾಕ್ಕೊಂಡ್ರೂ ಹಗುರ, ಇಕ್ಕಳದಲ್ಲಿ ಎತ್ತಿ ಟ್ರೇ ಅಂಚಿಗೆ ಹಿಡಿದು ನೀರು ಬಸಿದು ಹಾಕ್ಕೊಳ್ಳಿ.

ಆ ಸೊಪ್ಪೇ ನನ್ನನ್ನ ಇಲ್ಲಿಗೆ ಕಟ್ಟಿಹಾಕಿದ್ದು. ನಾನು ಶಿರಸಿ ಕಡೆಯೋನು. ಬಂದ ಮೊದಲ ವಾರ ಒಂದು ಟ್ರೇಲಿ ದಪ್ಪ ಎಲೆ, ಲೋಳೆ ಲೋಳೆ ಕಾಂಡ ನೋಡಿ ಬಾಯಿಗಿಟ್ರೆ ಬಸಳೆ! ಶುಂಠಿ ಸೀಳಿ ಹಾಕಿ ಎಳ್ಳೆಣ್ಣೇಲಿ ಬಾಡ್ಸಿರ್ತಾರೆ, ಅಷ್ಟೇ. ಇನ್ನೊಂದು ದಿನ ಬಳ್ಳಿ ಕುಡಿಗಳ ಪಲ್ಯ, ಹೆಸ್ರು ಲೋಂಗ್ ಶು ತ್ಸಾಯ್, ಡ್ರ್ಯಾಗನ್ ಮೀಸೆ ಸೊಪ್ಪು ಅಂತ, ಆಮೇಲೆ ಗೊತ್ತಾಯ್ತು ಅದು ಸೀಮೆಬದ್ನೆ ಬಳ್ಳಿ ಕುಡಿ. ನಮ್ಮನೇಲಿ ಕಾಯಿ ಮಾತ್ರ ತಿಂದು ಬಳ್ಳೀನ ದನಕ್ಕೆ ಹಾಕ್ತಿದ್ವಿ, ಇಲ್ಲಿ ಆ ಎಳೇ ಕುಡಿಗೆ ಒಳ್ಳೇ ಬೆಲೆ. ಗೆಣಸಿನ ಸೊಪ್ಪು ವರ್ಷಪೂರ್ತಿ ಇರತ್ತೆ, ಬೇಸಿಗೇಲಿ ತುಪ್ಪದ ಹೀರೆ, ಬಿದಿರಿನ ಕಳಲೆ. ಕಳಲೆ ಇಲ್ಲಿ ಅಷ್ಟು ಎಳೇದು ಸಿಗತ್ತೆ, ಬೇಯ್ಸಿ ತಣ್ಣಗೆ ಮಾಡಿ ಹಾಗೇ ತಿಂತಾರೆ. ಫೋನಲ್ಲಿ ತಟ್ಟೆ ತೋರ್ಸಿದ್ರೆ ಮನೇಲಿ ಆಯಿ ನಂಬ್ಲೇ ಇಲ್ಲ, ಬಸಳೆ ದಂಟು ಹತ್ರ ಹಿಡಿ ಅಂತ ಎರಡೆರಡು ಸಲ ನೋಡಿದ್ಲು. ಹೋಟ್ಲ ಯಜಮಾನಮ್ಮನ್ನೂ ಎಲ್ರೂ 'ಆಯೀ' ಅಂತಾನೇ ಕರೆಯೋದು, ಚೀನೀ ಭಾಷೇಲಿ ಅದು ಚಿಕ್ಕಮ್ಮ, ನಮ್ಮ ಕಡೆ ಹೆತ್ತಮ್ಮ. ಬಂದ ಹೊಸದ್ರಲ್ಲಿ ಹಾಗೆ ಕರೆಯೋವಾಗೆಲ್ಲ ಊರು ನೆನಪಾಗ್ತಿತ್ತು.

ಈರುಳ್ಳಿ ಬೆಳ್ಳುಳ್ಳಿ ಎರಡೂ ಇಲ್ಲ ಇಲ್ಲಿ. ಮೊದ್ಲು ಸಪ್ಪೆ ಅನ್ಸತ್ತೆ, ಕೆಲವು ಪಲ್ಯಕ್ಕೆ ಸಕ್ಕರೆ ಬೇರೆ. ಅದಕ್ಕೆ ಮನೆಯಿಂದ ಆಯಿ ಕಳ್ಸಿದ ಇಂಗಿನ ಡಬ್ಬಿಯಿಂದ ರೂಮಲ್ಲಿ ಒಗ್ಗರಣೆ ಮಾಡಿ ಪುಟ್ಟ ಬಾಟ್ಲೀಲಿ ತಂದು ಅನ್ನಕ್ಕೆ ಹಾಕ್ಕೊಳ್ತಿದ್ದೆ, ಸುಮಾರು ತಿಂಗಳು ಹಾಗೇ ನಡೀತು. ಆಮೇಲೆ ಲ್ಯಾಬಲ್ಲಿ ಬೌದ್ಧ ಮನೆತನದ ಒಬ್ಳು ಗೆಳತಿ ಹೇಳಿದ್ಲು, ಇಲ್ಲಿನ ಭಿಕ್ಷುಗಳು ತಿನ್ಬಾರ್ದ ಐದು ಘಾಟು ಪದಾರ್ಥಗಳಲ್ಲಿ ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಜೊತೆ ಶಿಂಗ್‌ಚು ಅನ್ನೋದೂ ಒಂದು, ಅದು ಸಂಸ್ಕೃತದ ಹಿಂಗು ಅನ್ನೋ ಪದದಿಂದಾನೇ ಬಂದಿದ್ದು. ನಮ್ಮಲ್ಲಿ ಬೆಳ್ಳುಳ್ಳಿ ತಿನ್ನದ ಮನೇಲಿ ಅದರ ಜಾಗಕ್ಕೇ ಇಂಗು ಹಾಕೋದು, ಇವ್ರಿಗೆ ಬೆಳ್ಳುಳ್ಳಿ ಥರಾನೇ ಇಂಗೂ ವರ್ಜ್ಯ! ಕೇಳಿ ತುಂಬ ಸಂಕಟ ಆಯ್ತು, ಅವತ್ತಿಂದ ಆ ಬಾಟ್ಲಿ ಹೋಟ್ಲೊಳಗೆ ತಗೊಂಡು ಹೋಗಿಲ್ಲ. ಹೋಟ್ಲ ಆಯೀ ಒಂದು ದಿನಾನೂ ಏನೂ ಅಂದಿರ್ಲಿಲ್ಲ.

ಈಗ ಮೊಟ್ಟೆ ವಿಷ್ಯ. ನಾನು ಮೊಟ್ಟೆ ತಿನ್ನಲ್ಲ. ಸ್ವಸ್ತಿಕದ ಬೋರ್ಡ್ ಇದೆ, ಬೆಳ್ಳುಳ್ಳೀನೇ ಹಾಕಲ್ಲ ಅಂದ್ಮೇಲೆ ಮೊಟ್ಟೆ ಎಲ್ಲಿಂದ ಬರ್ಬೇಕು ಅಂತ ಧೈರ್ಯವಾಗಿ ಎಲ್ಲಾ ಟ್ರೇಯಿಂದಾನೂ ತಿಂತಿದ್ದೆ. ಸೋಯಾದಲ್ಲಿ ಮಾಡಿರೋ ಹ್ಯಾಮ್ ಥರದ ಬಿಲ್ಲೆಗಳಿರ್ತಾವೆ, ಕರಿದು ಕರಿಮೆಣಸು ಉದುರ್ಸಿರ್ತಾರೆ, ಅದು ನನಗೆ ಪ್ರಾಣ. ಎರಡನೇ ವರ್ಷ ಚೂರುಪಾರು ಅಕ್ಷರ ಓದೋಕೆ ಬರ್ತಿತ್ತು, ಒಂದಿನ ಬಾಗ್ಲ ಹತ್ರ ಅದರ ಖಾಲಿ ಪ್ಯಾಕೆಟ್ ಬಿದ್ದಿತ್ತು, ಮೇಲೆ 'ದಾನ್ ಸೂ' ಅಂತಿದೆ. ಮೊಟ್ಟೆ ಇರೋ ಸಸ್ಯಾಹಾರ. ಬಿಲ್ಲೆ ಒಡೀದೆ ಗಟ್ಟಿಯಾಗಿ ನಿಲ್ಲೋಕೆ ಮೊಟ್ಟೆ ಬಿಳಿ ಹಾಕ್ತಾರಂತೆ. ಒಂದೂವರೆ ವರ್ಷ ತಿಂದಿದೀನಿ! ಅವತ್ತು ಊಟ ಸೇರ್ಲಿಲ್ಲ, ಮನೇಲಿ ಆಯಿಗೆ ಹೇಳೋಕೂ ಬಾಯಿ ಬರ್ಲಿಲ್ಲ.

ಇಲ್ಲಿನ ಕಾನೂನಲ್ಲಿ ಪ್ಯಾಕೆಟ್ ಸಸ್ಯಾಹಾರಕ್ಕೆ ಐದು ವರ್ಗ ಇದೆ, ಪೂರ್ತಿ ಸಸ್ಯದ್ದು, ಮೊಟ್ಟೆ ಇರೋದು, ಹಾಲು ಇರೋದು, ಎರಡೂ ಇರೋದು, ಬೆಳ್ಳುಳ್ಳಿ-ಈರುಳ್ಳಿ ಇರೋದು, ಅದನ್ನ ಪ್ಯಾಕೆಟ್ ಮೇಲೆ ಬರೀಲೇಬೇಕು. ಅಷ್ಟು ಚೊಕ್ಕವಾದ ವ್ಯವಸ್ಥೆ ಇರೋ ದೇಶದಲ್ಲಿ, ಈ ಹೋಟ್ಲಲ್ಲಿ ಆ ಪ್ಯಾಕೆಟ್ ಒಡೆದು ಟ್ರೇಗೆ ಸುರಿದ ಮೇಲೆ ಒಂದು ಚೀಟೀನೂ ಇರ್ಲಿಲ್ಲ. ಇದು ನಿಜಕ್ಕೂ ತಪ್ಪು. ಎರಡು ತಿಂಗಳು ಆ ಕಡೆ ಹೋಗ್ಲೇ ಇಲ್ಲ, ರೂಮಲ್ಲೇ ಕುಕ್ಕರ್ ಇಟ್ಕೊಂಡೆ, ರಾತ್ರಿ ಒಂಬತ್ತಕ್ಕೆ ಬಂದು ಅನ್ನ ಸಾರು ಮಾಡಿ ಮಾಡಿ ಸುಸ್ತಾಗ್ಹೋದೆ.

ವಾಪಸ್ ಕರ್ಕೊಂಡು ಬಂದಿದ್ದು ಬಸಳೇನೇ. ಈ ಸಲ ಬಿಲ್ಲೆ ಟ್ರೇ ಮುಂದೆ ನಿಂತು ಆಯೀನ ಕೇಳಿದೆ, 'ಜೆಗ ಯೋ ದಾನ್ ಮಾ?', ಇದರಲ್ಲಿ ಮೊಟ್ಟೆ ಇದೆಯಾ ಅಂತ. ಇದೆ ಅಂದ್ರು. ನಾನು ಮೊಟ್ಟೆ ತಿನ್ನಲ್ಲ ಅಂದೆ. ಅವ್ರು ಇಕ್ಕಳ ತಗೊಂಡು ಮೊದಲ ಟ್ರೇಯಿಂದ ಕೊನೇ ಟ್ರೇವರೆಗೂ ನನ್ನ ಜೊತೆ ನಡೆದು ಒಂದೊಂದನ್ನೇ ತೋರ್ಸಿದ್ರು, ಇದ್ರಲ್ಲಿದೆ, ಇದ್ರಲ್ಲಿಲ್ಲ. ಹಿಂದೆ ಕ್ಯೂ ನಿಂತಿತ್ತು, ಒಬ್ರೂ ಗೊಣಗ್ಲಿಲ್ಲ. ಲೆಕ್ಕ ಹಾಕಿದ್ರೆ ಮೊಟ್ಟೆ ಇರೋದು ನಾಲ್ಕೇ ಟ್ರೇ. ನನ್ನ ಸಿಟ್ಟು ಪೂರ್ತಿ ಹೋಯ್ತು ಅಂತಲ್ಲ, ಇವತ್ತಿಗೂ ಚೀಟಿ ಹಾಕಿಲ್ಲ, ಹೊಸಬ್ರು ಕೇಳ್ದೆ ತಿಂದ್ರೆ ನನ್ನ ಥರಾನೇ ಆಗತ್ತೆ. ಅದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಅಷ್ಟೇ. ಆ ಒಂದು ವಾಕ್ಯ ಬಾಯಿಪಾಠ ಮಾಡ್ಕೊಂಡು ಹೋಗಿ, ಸೋಯಾ ಮಾಂಸದ ಕಡೆ ಹೋಗ್ಲೇಬೇಡಿ, ಸೊಪ್ಪು, ಅಣಬೆ ಕಣ್ಮುಚ್ಚಿ ತಗೊಳ್ಳಿ.

ಟೈಮಿಂಗ್ ಹೇಳ್ಬಿಡ್ತೀನಿ. ಸಂಜೆ ಏಳಕ್ಕೆ ಬಾಗ್ಲು ಮುಚ್ತಾರೆ, ಆರೂವರೆಗೆ ಹೋದ್ರೆ ತಣ್ಣಗಿನ ತೋಫು ಮಾತ್ರ ಉಳಿದಿರತ್ತೆ. ಭಾನುವಾರ ರಜಾ. ಚಾಂದ್ರಮಾನದ 1 ಮತ್ತು 15ನೇ ದಿನ ತುಂಬ ಜನ ಮಾಂಸ ಬಿಡ್ತಾರೆ, ಸೈನ್ಸ್ ಪಾರ್ಕಿನ ಆಫೀಸಿನವ್ರೂ ಇಲ್ಲಿಗೇ ನುಗ್ತಾರೆ, ಹನ್ನೆರಡಕ್ಕೆ ಬಸಳೆ ಟ್ರೇ ಖಾಲಿ. ಆ ದಿನಗಳು ನಮ್ಮ ಅಮಾಸೆ ಹುಣ್ಣಿಮೆ ಆಸುಪಾಸಲ್ಲೇ ಬರತ್ತೆ, ಹಾಗಾಗಿ ಹಿಂದಿನ ರಾತ್ರಿ ಫೋನಲ್ಲಿ ಆಯಿ 'ನಾಳೆ ಅಮಾಸೆ' ಅಂದ್ಲು ಅಂದ್ರೆ ನಾನು ಮಾರನೇ ದಿನ ಹನ್ನೊಂದು ಗಂಟೆಗೇ ಲ್ಯಾಬ್ ಬಿಟ್ಟು ಹೊರಡ್ತೀನಿ.