‘ರಿಪ್ಲೈ 1988’, ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’: ಯಾವುದನ್ನು ಮೊದಲು ನೋಡಬೇಕು?

ಕೊರಿಯನ್ ಧಾರಾವಾಹಿಗೆ ನೀವು ಹೊಸಬರಾದರೆ ಈ ಎರಡು ಹೆಸರು ಕಿವಿಗೆ ಬಿದ್ದೇ ಇರುತ್ತವೆ.

ಕಥೆ ಬೇಗ ಓಡಬೇಕಾ? ಹಾಗಾದರೆ 2019ರ ‘ಕ್ರ್ಯಾಶ್ ಲ್ಯಾಂಡಿಂಗ್’. 16 ಕಂತು. ಪ್ಯಾರಾಗ್ಲೈಡಿಂಗ್ ಮಾಡುವಾಗ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುವ ದಕ್ಷಿಣದ ಶ್ರೀಮಂತೆ ಸೆ-ರಿ, ಅವಳನ್ನು ಬಚ್ಚಿಡುವ ಸೇನಾಧಿಕಾರಿ ಜೊಂಗ್-ಹ್ಯೊಕ್. ಮಾರುಕಟ್ಟೆಯಲ್ಲಿ ದಾರಿ ತಪ್ಪಿದ ಅವಳಿಗೆ ಕಾಣಲಿ ಅಂತ ಅವನು ಮೇಣದಬತ್ತಿ ಎತ್ತಿ ಹಿಡಿದು ನಿಲ್ಲುತ್ತಾನಲ್ಲ, ಅಲ್ಲೇ ನನಗೆ ಕಣ್ಣು ತುಂಬಿ ಬಂತು. ಖಳನ ಕಥೆ ಮಾತ್ರ ಕೊನೆಕೊನೆಗೆ ಜಾಸ್ತಿ ಆಯಿತು.

2015ರ ‘ರಿಪ್ಲೈ 1988’ ನಿಧಾನ. 20 ಕಂತು, ಒಂದೊಂದೂ ಸಿನಿಮಾದಷ್ಟು ಉದ್ದ. ಸೋಲ್ ನಗರದ ಒಂದು ಓಣಿ, ಐದು ಮನೆ, ಅಷ್ಟೇ. ಆದರೆ ಆ ಜನ! ದೊಕ್-ಸನ್ ನಡುವಿನ ಮಗಳು. ಹುಟ್ಟುಹಬ್ಬದ ಕೇಕು ಪ್ರತಿಸಲ ಅಕ್ಕನ ಜೊತೆಗೇ. ಮೊದಲ ಕಂತಿನಲ್ಲೇ ಅದಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಮೇಲೆ ಅಪ್ಪ ಬೇರೆ ಕೇಕು ತಂದು, ತಾನೂ ಅಪ್ಪನಾಗಿದ್ದು ಇದೇ ಮೊದಲು ಅಂತ ಕ್ಷಮೆ ಕೇಳುತ್ತಾರೆ. ಎಷ್ಟು ಮನೆಯ ಎರಡನೇ ಮಕ್ಕಳಿಗೆ ಇದು ತಮ್ಮದೇ ಕಥೆ ಅಲ್ವಾ?

ದೊಕ್-ಸನ್‌ಗೆ ಮುಂದೆ ಗಂಡನಾಗುವವನು ಯಾರು ಅನ್ನುವ ಒಗಟನ್ನು ಸುಮ್ನೆ ಎಳೆದಿದ್ದಾರೆ. ಅವಳನ್ನು ಒಳಗೊಳಗೇ ಇಷ್ಟಪಡುವ ಅದೇ ಓಣಿಯ ಹುಡುಗ ಜೊಂಗ್-ಹ್ವಾನ್‌ಗೆ ಅನ್ಯಾಯವಾಯಿತು ಅಂತ ಈಗಲೂ ಅನಿಸುತ್ತದೆ. ಆದರೂ ಮನೆಮಂದಿ ಜೊತೆ ಕೂತು ನೋಡುವುದಾದರೆ ಇದನ್ನೇ ಹಾಕಿ.