ಮಣ್ಣುಗೋಡೆಯ ಮನೆಯಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್: ದೀರ್ಘ ಬಳಕೆಯ ವಿಮರ್ಶೆ

ಹೊರಗೆ ಆಂಟೆನಾ ಇರುವ ಯುಎಸ್‌ಬಿ ವೈಫೈ ಅಡಾಪ್ಟರನ್ನು ಕೊಂಡರೆ ಲ್ಯಾಪ್‌ಟಾಪಿನ ದುರ್ಬಲ ಸಿಗ್ನಲ್ ಸುಧಾರಿಸುತ್ತದೆಯೇ ಎಂದು ಪರಿಚಯದವರು ಆಗಾಗ ಕೇಳುತ್ತಾರೆ. ನನ್ನ ಅನುಭವದಲ್ಲಿ ಸುಧಾರಿಸುತ್ತದೆ. ಆದರೆ ಆ ಸುಧಾರಣೆಯ ದೊಡ್ಡ ಪಾಲು ಬರುವುದು ಅದರ ಜೊತೆಗೆ ಬೇರೆಯಾಗಿ ಕೊಳ್ಳಬೇಕಾದ ಎಕ್ಸ್‌ಟೆನ್ಷನ್ ಕೇಬಲ್‌ನಿಂದ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ಹಳೆಯ ಹಂಚಿನ ಮನೆ. ಗೋಡೆಗಳು ಸುಮಾರು 2 ಅಡಿ ದಪ್ಪವಾಗಿವೆ. ಫೈಬರ್ ಸಂಪರ್ಕವೂ ರೌಟರೂ ಪಡಸಾಲೆಯಲ್ಲಿವೆ, ನಾನು ಕೆಲಸ ಮಾಡುವ ಕೋಣೆ ಹಿತ್ತಲಿನ ಕಡೆಗಿದೆ. ಇಂಥಲ್ಲಿ ಲ್ಯಾನ್ ಕೇಬಲ್ ಎಳೆಯುವುದೇ ಉತ್ತಮವೆಂಬುದರಲ್ಲಿ ಅನುಮಾನವಿಲ್ಲ, ಆದರೆ ಬಾಡಿಗೆ ಮನೆಯ ಗೋಡೆಗೆ ತೂತು ಕೊರೆಯಲು ಮಾಲಕರು ಒಪ್ಪಲಿಲ್ಲ. ಅಗ್ಗದ ರಿಪೀಟರುಗಳ ವಿಚಾರವನ್ನೂ ಕೈಬಿಟ್ಟೆ. ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮರಳಿ ಹೇಳಬೇಕಾದ್ದರಿಂದ ಅವುಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಯೊಂದರಿಂದ 5 ಡಿಬಿಐ (ಸಿಗ್ನಲನ್ನು ಒಂದು ದಿಕ್ಕಿಗೆ ಎಷ್ಟು ಒಗ್ಗೂಡಿಸುತ್ತದೆ ಎಂಬುದರ ಅಳತೆ) ಆಂಟೆನಾ ಇರುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ ಯುಎಸ್‌ಬಿ 3.0 ಅಡಾಪ್ಟರನ್ನು ತಂದೆ. ಬೆಲೆ 2,000 ರೂಪಾಯಿಯ ಆಸುಪಾಸು. “ಆಂಟೆನಾ ದೊಡ್ಡದೈತ್ರಿ ಸರ್, ಸಿಗ್ನಲ್ ಫುಲ್ ಬರ್ತೈತಿ” ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು.

ಫುಲ್ ಏನೂ ಬರಲಿಲ್ಲ. ಹಿತ್ತಲ ಕೋಣೆಯಲ್ಲಿ ಲ್ಯಾಪ್‌ಟಾಪಿನ ಒಳಗಿನ ವೈಫೈ ಕಾರ್ಡಿಗೆ ವಿಂಡೋಸ್ ಶೇ. 35ರಷ್ಟು ಸಿಗ್ನಲ್ ತೋರಿಸುತ್ತಿತ್ತು. ಅಡಾಪ್ಟರನ್ನು ನೇರವಾಗಿ ಪೋರ್ಟಿಗೆ ಚುಚ್ಚಿದಾಗ ಅದು 45ರ ಹತ್ತಿರಕ್ಕೆ ಬಂತು, ಅಷ್ಟೇ. ಆದರೆ ಅದೇ ಅಡಾಪ್ಟರನ್ನು 3 ಮೀಟರ್ ಕೇಬಲ್ಲಿಗೆ ಜೋಡಿಸಿ, ಪಡಸಾಲೆಯ ಕಡೆಗೆ ತೆರೆದುಕೊಳ್ಳುವ ಬಾಗಿಲಿನ ಚೌಕಟ್ಟಿನ ಮೇಲ್ಭಾಗಕ್ಕೆ ಕಟ್ಟಿದ ಮೇಲೆ ಶೇ. 65ಕ್ಕೆ ಏರಿತು, ವಿಡಿಯೋ ಕರೆಗಳು ತುಂಡಾಗುವುದು ನಿಂತಿತು. ವಿಂಡೋಸಿನ ಲೆಕ್ಕದಲ್ಲಿ ಸೊನ್ನೆ ಎಂದರೆ ಮೈನಸ್ 100 ಡಿಬಿಎಂ (ತಲುಪುವ ಸಿಗ್ನಲ್ ಶಕ್ತಿಯನ್ನು ಡೆಸಿಬೆಲ್‌ನಲ್ಲಿ ಹೇಳುವ ಅಳತೆ), ನೂರು ಎಂದರೆ ಮೈನಸ್ 50. ಹಾಗಾಗಿ ಶೇಕಡಾ 30ರ ಏರಿಕೆ 15 ಡೆಸಿಬೆಲ್ ಆಗುತ್ತದೆ, ಅಂದರೆ ತಲುಪುವ ಶಕ್ತಿ ಸುಮಾರು 30 ಪಟ್ಟು ಹೆಚ್ಚುತ್ತದೆ. ಲ್ಯಾಪ್‌ಟಾಪಿನ ಸ್ವಂತ ಆಂಟೆನಾಗಳು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ ಹುದುಗಿರುತ್ತವೆ, ಮೇಜು ಎಲ್ಲಿದೆಯೋ ಅಲ್ಲಿಯೇ ಅವೂ ಇರಬೇಕು. ಕೇಬಲ್ ಇದ್ದರೆ ಆಂಟೆನಾ ಮಾತ್ರ ಗೋಡೆಯ ಮರೆಯಿಂದ ಹೊರಬಂದು ಬಾಗಿಲ ಬಯಲಿಗೆ ಬರುತ್ತದೆ.

ಕೇಬಲ್ ಹಳೆಯ, ನಿಧಾನದ ಯುಎಸ್‌ಬಿ 2.0 ಆಗಿದ್ದರೆ ಒಳ್ಳೆಯದು ಎಂಬ ಮಾತು ವಿಚಿತ್ರವಾಗಿ ಕೇಳಿಸಬಹುದು. ಯುಎಸ್‌ಬಿ 3.0 ಪೋರ್ಟುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ರೇಡಿಯೋ ಗದ್ದಲ ಹೊಮ್ಮಿಸುತ್ತವೆ. ಇಂಟೆಲ್ ಕಂಪನಿ 2012ರಲ್ಲಿಯೇ ಇದನ್ನು ಅಳೆದು ವರದಿ ಪ್ರಕಟಿಸಿತ್ತು. ನನ್ನಲ್ಲಿಯೂ ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ನಕಲಾಗುತ್ತಿರುವಾಗ ವೈಫೈ ಎದ್ದು ಕಾಣುವಷ್ಟು ಕುಗ್ಗುತ್ತಿತ್ತು. 2.0 ಕೇಬಲ್ಲಿನಲ್ಲಿ ಅಡಾಪ್ಟರ್ ತಾನೇ ಆ ಗದ್ದಲ ಮಾಡುವುದಿಲ್ಲ, ಡಿಸ್ಕಿನಿಂದ ದೂರವೂ ಉಳಿಯುತ್ತದೆ. 100 ಎಂಬಿಪಿಎಸ್ ಯೋಜನೆಗೆ ಯುಎಸ್‌ಬಿ 2.0ರ ವೇಗ ಧಾರಾಳವಾಗಿ ಸಾಕು.

ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದುದನ್ನೇ ಒಂದು ದಿಕ್ಕಿಗೆ ಹೆಚ್ಚು ಹಂಚುತ್ತದೆ. ನೆಟ್ಟಗೆ ನಿಲ್ಲಿಸಿದ ಕಡ್ಡಿ ಆಂಟೆನಾದ ಹರವು ಉದ್ದಿನ ವಡೆಯಂತಿರುತ್ತದೆ: ಸುತ್ತಲೂ ದಟ್ಟ, ಕಡ್ಡಿ ಹಾಯ್ದುಹೋಗುವ ತೂತಿನ ದಿಕ್ಕಿನಲ್ಲಿ ಬಡ. ಒಂದೇ ಅಂತಸ್ತಿನ ಮನೆಗೆ ಇದು ಅನುಕೂಲ. ರೌಟರ್ ಕೆಳಗೆ, ಲ್ಯಾಪ್‌ಟಾಪ್ ಮೇಲೆ ಇದ್ದವರು ಆಂಟೆನಾವನ್ನು ಮಲಗಿಸಿ ನೋಡಬೇಕು.

5 ಗಿಗಾಹರ್ಟ್ಸ್ ನಮ್ಮ ಗೋಡೆಗಳನ್ನು ದಾಟಲಿಲ್ಲ. ಪಡಸಾಲೆಯಲ್ಲಿ ಕುಳಿತರೆ ಅದು ಸೊಗಸು, ಹಿತ್ತಲ ಕೋಣೆಗೆ 2.4 ಒಂದೇ ಗತಿ. ನೆರೆಮನೆಗಳ ರೌಟರುಗಳೂ ಅದೇ ಪಟ್ಟಿಯಲ್ಲಿ ಕಿಕ್ಕಿರಿದಿರುವುದರಿಂದ ರೌಟರಿನ ಸೆಟ್ಟಿಂಗಿನಲ್ಲಿ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಾಗಿದ್ದ 11ನ್ನು ಆರಿಸಿದ್ದೇನೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಮಳೆಗಾಲದ ಮಾತನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿದು ಗೋಡೆ ತಂಪೇರಿದಾಗ ಸಿಗ್ನಲ್ ಶೇ. 55ರ ಕಡೆಗೆ ಇಳಿಯುತ್ತದೆ. ನೀರು ಈ ಅಲೆಗಳನ್ನು ಹೀರುವುದರಿಂದ ಒದ್ದೆ ಮಣ್ಣಿನ ಗೋಡೆ ಒಣ ಗೋಡೆಗಿಂತ ದೊಡ್ಡ ಅಡ್ಡಿ. ಬಾಗಿಲು ತೆರೆದಿದ್ದರೆ ಕೆಲಸಕ್ಕೆ ತೊಂದರೆಯಿಲ್ಲ.

ಕೊರತೆಗಳೂ ಇವೆ. ಅಡಾಪ್ಟರ್ ಕೈಗೆ ತಾಗುವಷ್ಟು ಬಿಸಿಯಾಗುತ್ತದೆ, ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಕೆಲವೊಮ್ಮೆ ಅಡಾಪ್ಟರ್ ಕಾಣಿಸುತ್ತಲೇ ಇರಲಿಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ವಿದ್ಯುತ್ ಉಳಿತಾಯಕ್ಕಾಗಿ ಸಾಧನವನ್ನು ಆಫ್ ಮಾಡುವ ಅನುಮತಿಯನ್ನು ತೆಗೆದ ಮೇಲೆ ಆ ಕಾಟ ಬಹುತೇಕ ತಪ್ಪಿದೆ. ಒಳಗಿನ ಕಾರ್ಡನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುವುದು ಒಳ್ಳೆಯದು, ಇಲ್ಲವಾದರೆ ಎರಡೂ ಒಟ್ಟಿಗೆ ಜೋಡಿಸಿಕೊಂಡು ಯಾವುದರಿಂದ ಇಂಟರ್‌ನೆಟ್ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಹಾವೇರಿಯಲ್ಲಿರುವ ತಮ್ಮನೂ ಇಂಥದ್ದೇ ಒಂದನ್ನು ಕೊಳ್ಳಬೇಕೆಂದಿದ್ದ. ಅವನ ಮನೆಯಲ್ಲಿ ರೌಟರ್ ಉಕ್ಕಿನ ಕಪಾಟಿನ ಹಿಂದೆ ನೆಲದ ಹತ್ತಿರ ಕುಳಿತಿತ್ತು. ಅದನ್ನು ಹೊರತೆಗೆದು ಎತ್ತರದಲ್ಲಿಟ್ಟ ಮೇಲೆ ಕೊಳ್ಳುವ ಅಗತ್ಯವೇ ಬೀಳಲಿಲ್ಲ. ರೌಟರಿನ ಪಕ್ಕದಲ್ಲಿಯೇ ವೇಗ ಕಡಿಮೆ ಇದ್ದರೆ ದೋಷ ಸಂಪರ್ಕದ್ದು, ಆಗ ಯಾವ ಅಡಾಪ್ಟರೂ ಉಪಯೋಗಕ್ಕೆ ಬರುವುದಿಲ್ಲ.

ಲಿನಕ್ಸ್ ಬಳಸುವವರು ಕಂಪನಿಯ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ವಿಚಾರಿಸಿ ಕೊಳ್ಳಬೇಕು. ಮೀಡಿಯಾಟೆಕ್‌ನ ಎಂಟಿ7612ಯು ಚಿಪ್ಪಿಗೆ ಕರ್ನಲ್ (ಲಿನಕ್ಸಿನ ತಿರುಳಾದ ತಂತ್ರಾಂಶ) 4.19ರಿಂದ, ರಿಯಲ್‌ಟೆಕ್‌ನ 8822ಬಿಯು ಚಿಪ್ಪಿಗೆ 6.2ರಿಂದ ಕರ್ನಲ್ಲಿನಲ್ಲಿಯೇ ಚಿಪ್ಪನ್ನು ನಡೆಸುವ ಡ್ರೈವರ್ ಇದೆ. ಅದಕ್ಕಿಂತ ಹಳೆಯ ಕರ್ನಲ್ ಇದ್ದರೆ ಡ್ರೈವರನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.