ಈವೆಂಟ್ ಲಾಗ್‌ನಿಂದ ಇಮೇಲ್ ಅಲರ್ಟ್: ನಾನು ಬಳಸಿ ನೋಡಿದ ಮೂರು ದಾರಿಗಳು

ವಿಂಡೋಸ್ ಸರ್ವರ್‌ನಲ್ಲಿ ಸರ್ವೀಸ್ ನಿಂತರೂ, ಯಾರಾದರೂ ಪಾಸ್‌ವರ್ಡ್ ತಡಕಾಡಿದರೂ ಈವೆಂಟ್ ಲಾಗ್‌ನಲ್ಲಿ, ಅಂದರೆ ವಿಂಡೋಸ್ ತಾನೇ ಬರೆದಿಡುವ ಘಟನೆಗಳ ದಾಖಲೆಯಲ್ಲಿ, ಒಂದು ಸಾಲು ಬೀಳುತ್ತದೆ. ದಿನಾ ಕೂತು ಅದನ್ನು ಓದೋದು ಯಾರಿಂದಲೂ ಆಗದ ಕೆಲಸ. ಲಾಗೇ ನಮಗೆ ಮೇಲ್ ಕಳಿಸಬೇಕು, ಅದೂ ಬೇಕಾದಾಗ ಮಾತ್ರ. ಇದಕ್ಕಾಗಿ ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಶೆಡ್ಯೂಲರ್ ಮತ್ತು ಈವೆಂಟ್ ಫಾರ್ವರ್ಡಿಂಗ್, ಜೊತೆಗೆ ಸರ್ವರ್‌ಗಳ ಮೇಲೆ ನಿಗಾ ಇಡುವ ಝಾಬಿಕ್ಸ್ ಎಂಬ ಸಾಫ್ಟ್‌ವೇರ್, ಮೂರನ್ನೂ ಬಳಸಿ ನೋಡಿದ್ದೇನೆ.

ಟಾಸ್ಕ್ ಶೆಡ್ಯೂಲರ್‌ಗೆ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಆ ಈವೆಂಟ್‌ಗೆ ಟಾಸ್ಕ್ ಜೋಡಿಸಿದರೆ ಆಯ್ತು. ಅದರಲ್ಲಿರುವ ಇಮೇಲ್ ಕಳಿಸುವ ಆಯ್ಕೆಯನ್ನು ಮಾತ್ರ ನಂಬಬೇಡಿ, ಸರ್ವರ್ 2012ರಿಂದಲೇ ಅದನ್ನು ಡಿಪ್ರಿಕೇಟೆಡ್, ಅಂದರೆ ಇನ್ನು ಬಳಸಬಾರದ್ದು ಎಂದು ಗುರುತಿಸಿದ್ದಾರೆ. ಟಾಸ್ಕ್‌ನಿಂದ ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಭಾಷೆ) ಸ್ಕ್ರಿಪ್ಟ್ ಓಡಿಸೋದೇ ಸರಿ. ಪವರ್‌ಶೆಲ್‌ನ ಹಳೆಯ ಸೆಂಡ್-ಮೇಲ್‌ಮೆಸೇಜ್ ಕಮಾಂಡ್ ಕೂಡ ಸುರಕ್ಷಿತ ಸಂಪರ್ಕದ ಖಾತ್ರಿ ಕೊಡುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಹಾಗಾಗಿ ನಾನು ಮೇಲ್ ಕಳಿಸಲು ಮೇಲ್‌ಕಿಟ್ ಎಂಬ ಲೈಬ್ರರಿ ಬಳಸುತ್ತೇನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಟಾಸ್ಕ್ ಆಗಲೇ ಓಡುತ್ತಿದ್ದರೆ ಇನ್ನೊಂದನ್ನು ಶುರು ಮಾಡಬಾರದು ಅನ್ನೋದು ಡೀಫಾಲ್ಟ್ ಸೆಟ್ಟಿಂಗ್. ಲಾಗಿನ್ ವಿಫಲವಾದಾಗ ಬರುವ 4625 ಈವೆಂಟ್ ಮಳೆಯಂತೆ ಸುರಿದರೆ, ಮೊದಲನೆಯದಕ್ಕೆ ಮೇಲ್ ಬರುತ್ತದೆ, ಉಳಿದವು ಕೈತಪ್ಪುತ್ತವೆ. ಎಲ್ಲವನ್ನೂ ಸರತಿಗೆ ಹಾಕಿದರೆ ಇನ್‌ಬಾಕ್ಸ್ ತುಂಬಿಹೋಗುತ್ತದೆ. ನನಗೆ ಸರಿಬಂದ ಉಪಾಯ ಇದು: ಸ್ಕ್ರಿಪ್ಟ್ ಶುರುವಾದ ಮೇಲೆ ಎರಡು ನಿಮಿಷ ಸುಮ್ನೆ ಕಾಯಲಿ. ಆಮೇಲೆ ಲಾಗ್ ಓದುವ ಗೆಟ್-ವಿನ್‌ಈವೆಂಟ್ ಕಮಾಂಡ್‌ನಿಂದ ಹೊಸ ಸಾಲುಗಳನ್ನೆಲ್ಲ ಎತ್ತಿಕೊಂಡು, ಯಾವ ಐಪಿಯಿಂದ, ಯಾವ ಅಕೌಂಟ್‌ಗೆ ಎಷ್ಟು ಸಲ ಎಂದು ಲೆಕ್ಕಹಾಕಿ ಒಂದೇ ಮೇಲ್ ಕಳಿಸಲಿ. ಕೊನೆಗೆ ಓದಿದ ರೆಕಾರ್ಡ್ ನಂಬರನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟರೆ ಮುಂದಿನ ಸಲ ಅಲ್ಲಿಂದಲೇ ಓದಬಹುದು. ನಡುವೆ ಏನೂ ಬಿಟ್ಟುಹೋಗೋದಿಲ್ಲ.

ಸರ್ವರ್ ಜಾಸ್ತಿ ಆದಾಗ ಇದನ್ನು ಎಲ್ಲ ಕಡೆ ಕಾಯ್ದುಕೊಳ್ಳೋದು ತಲೆನೋವು. ಆಗ ಈವೆಂಟ್ ಫಾರ್ವರ್ಡಿಂಗ್ ಕೈಹಿಡಿಯುತ್ತದೆ. ವಿನ್‌ಆರ್‌ಎಂ (ವಿಂಡೋಸ್ ಯಂತ್ರಗಳನ್ನು ದೂರದಿಂದ ನಿರ್ವಹಿಸುವ ಸೇವೆ) ಮೂಲಕ, 5985 ಪೋರ್ಟ್‌ನಲ್ಲಿ, ಎಲ್ಲ ಲಾಗ್‌ಗಳೂ ಒಂದು ಕಲೆಕ್ಟರ್ ಸರ್ವರ್‌ಗೆ ಬಂದು ಸೇರುತ್ತವೆ. ಸೆಕ್ಯುರಿಟಿ ಲಾಗ್ ಬರಬೇಕಾದರೆ ಕಳಿಸುವ ಯಂತ್ರದಲ್ಲಿ ನೆಟ್‌ವರ್ಕ್ ಸರ್ವೀಸ್ ಅಕೌಂಟನ್ನು ಈವೆಂಟ್ ಲಾಗ್ ರೀಡರ್ಸ್ ಗುಂಪಿಗೆ ಸೇರಿಸಬೇಕು. ನಾರ್ಮಲ್ ಮೋಡ್‌ನಲ್ಲಿ 15 ನಿಮಿಷದವರೆಗೂ ತಡವಾಗಬಹುದು, ಮಿನಿಮೈಸ್ ಲೇಟೆನ್ಸಿ ಇಟ್ಟರೆ ಅದು 30 ಸೆಕೆಂಡಿಗೆ ಇಳಿಯುತ್ತದೆ. ಆದರೆ ಇದು ಲಾಗ್ ಸಾಗಿಸುತ್ತದೆ ಅಷ್ಟೇ, ಮೇಲ್‌ಗೆ ಮತ್ತೆ ಅದೇ ಸ್ಕ್ರಿಪ್ಟ್ ಬೇಕು. ನಾನು ಇದನ್ನು ಬಿಡದಿರಲು ಕಾರಣ ಬೇರೆ: ಒಳನುಗ್ಗಿದವನು ಲಾಗ್ ಅಳಿಸಿದರೂ ಅಷ್ಟರೊಳಗೆ ಬಂದು ಸೇರಿದ ನಕಲು ಕಲೆಕ್ಟರ್‌ನಲ್ಲಿ ಉಳಿದಿರುತ್ತದೆ.

ಈ ಎರಡೂ ಸೋಲುವ ಜಾಗ ಒಂದಿದೆ. ಸರ್ವರ್ ದಿಢೀರ್ ಅಂತ ಆಫ್ ಆದರೆ ಅದರ ಬಗ್ಗೆ ಹೇಳುವ 41 ಮತ್ತು 6008 ಈವೆಂಟ್‌ಗಳು ಮತ್ತೆ ಬೂಟ್ ಆದ ಮೇಲಷ್ಟೇ ಬರೆಯಲ್ಪಡುತ್ತವೆ. ಸತ್ತ ಯಂತ್ರ ಮೇಲ್ ಕಳಿಸೋದಿಲ್ಲ ಅಲ್ವಾ? ಝಾಬಿಕ್ಸ್ ಹೊರಗಿನಿಂದ ನೋಡುತ್ತದೆ. ಪ್ರತಿ ಸರ್ವರ್‌ನಲ್ಲಿ ಕೂರಿಸುವ ಅದರ ಚಿಕ್ಕ ಪ್ರೋಗ್ರಾಂ, ಅಂದರೆ ಏಜೆಂಟ್‌ನಿಂದ ಡೇಟಾ ಬರೋದು ನಿಂತರೆ ಆ ಮೌನವನ್ನೇ ಹಿಡಿದು ಅಲರ್ಟ್ ಕೊಡುತ್ತದೆ. ಐದು ನಿಮಿಷದಲ್ಲಿ ಹತ್ತಕ್ಕಿಂತ ಜಾಸ್ತಿ 4625 ಬಂದರೆ ಒಂದೇ ಮೇಲ್ ಎಂದು ಟ್ರಿಗರ್ (ಅಲರ್ಟ್ ಯಾವಾಗ ಎಂಬ ನಿಯಮ) ಬರೆಯಬಹುದು. ಯಾರೂ ಗಮನಿಸದಿದ್ದರೆ ಮೇಲಿನವರಿಗೆ ಹೋಗುವಂತೆಯೂ ಮಾಡಬಹುದು. ಲಾಗ್ ಓದಲು ಏಜೆಂಟ್ ಆ್ಯಕ್ಟಿವ್ ಮೋಡ್‌ನಲ್ಲೇ, ಅಂದರೆ ತಾನೇ ಡೇಟಾ ಕಳಿಸುವಂತೆ, ಇರಬೇಕು. ಹೊಸ ಸಾಲು ಬರದಿದ್ದರೆ ಆ ಟ್ರಿಗರ್ ತಾನಾಗಿ ಮುಚ್ಚುವುದಿಲ್ಲ, ಅದು ಮುಚ್ಚುವ ಷರತ್ತಿಗೆ (ರಿಕವರಿ), ಡೇಟಾ ಬಂದಿಲ್ಲವೇ ಎಂದು ನೋಡುವ ನೋಡೇಟಾ (nodata) ಫಂಕ್ಷನ್ ಸೇರಿಸಬೇಕು. ಡೇಟಾಬೇಸ್ ಸಮೇತ ಇನ್ನೊಂದು ಸರ್ವರನ್ನು ಸಾಕುವ ಕೆಲಸವೂ ಇದೆ. ಆದರೂ ನನ್ನ ಮತ ಝಾಬಿಕ್ಸ್‌ಗೇ.

ಒಂದೆರಡು ಸರ್ವರ್ ಇದ್ದರೆ ಟಾಸ್ಕ್ ಶೆಡ್ಯೂಲರ್ ಸಾಕು, ಸರ್ವರ್ ಬದುಕಿದೆಯೇ ಎಂದು ನೋಡಲು ಹೊರಗಿನಿಂದ ಒಂದು ಪಿಂಗ್ ಇರಲಿ. ಸೆಕ್ಯುರಿಟಿ ಲಾಗ್ ಅಳಿಸಿದ್ದಕ್ಕೆ 1102, ಅಕೌಂಟ್ ಲಾಕ್‌ಗೆ 4740, ಸರ್ವೀಸ್ ದಿಢೀರ್ ನಿಂತದ್ದಕ್ಕೆ 7034, ಈ ಮೂರರಿಂದ ಶುರು ಮಾಡಿ. ಮತ್ತೆ, ನಿಮ್ಮ ಮೇಲ್ ಸರ್ವರ್ ಕೂಡ ಇದೇ ನಿಗಾದಲ್ಲಿದ್ದರೆ ಅದರ ಅಲರ್ಟನ್ನು ಎಸ್‌ಎಂಎಸ್‌ಗೋ ಬೇರೆ ಚಾಟ್‌ಗೋ ಕಳಿಸುವ ವ್ಯವಸ್ಥೆ ಮಾಡಿ.